ಅದ್ದುವ ಲಸಿಕೆಯ ಬಲ ಹೆಚ್ಚಿಸುವುದು ಹೇಗೆ?

ಪ್ರಶ್ನೆ: ಮೀನುಮರಿಗಳನ್ನು ಲಸಿಕೆಯ ದ್ರಾವಣದಲ್ಲಿ ಅದ್ದಿ ತೆಗೆಯುವುದು ಸುಲಭವಾದರೂ ಚುಚ್ಚುಮದ್ದಿನಷ್ಟು ರಕ್ಷಣೆ ಕೊಡುವುದಿಲ್ಲವೆಂದು ಓದಿದ್ದೇನೆ. ಅದಕ್ಕೆ ಕಾರಣವೇನು? ಸುಧಾರಿಸಲು ದಾರಿಯಿದೆಯೇ?
– ಮೀನುಗಾರಿಕೆ ವಿದ್ಯಾರ್ಥಿನಿ, ಉಡುಪಿ

ಉತ್ತರ: ನೀವು ಓದಿದ್ದು ನಿಜ. ಚುಚ್ಚುಮದ್ದು ಪ್ರತಿಜನಕವನ್ನು, ಅಂದರೆ ಪ್ರತಿರಕ್ಷೆಯನ್ನು ಪ್ರಚೋದಿಸುವ ಲಸಿಕೆಯ ಅಂಶವನ್ನು, ನೇರವಾಗಿ ದೇಹದೊಳಕ್ಕೆ ಸೇರಿಸುತ್ತದೆ. ಅದ್ದುವಾಗಲಾದರೋ ಅದು ಕಿವಿರು ಮತ್ತು ಚರ್ಮದ ಲೋಳೆಯನ್ನು ದಾಟಬೇಕಾಗಿರುವುದರಿಂದ ಒಳಸೇರುವ ಪ್ರಮಾಣ ಬಹಳ ಕಡಿಮೆ. ಆದರೆ ಒಂದೆರಡು ಗ್ರಾಂ ತೂಗುವ ಲಕ್ಷಾಂತರ ಮರಿಗಳಿಗೆ ಸೂಜಿ ಚುಚ್ಚುವುದು ಸಾಧ್ಯವಿಲ್ಲ. ಹಾಗಾಗಿ ಈ ವಿಧಾನವನ್ನು ಬಿಡುವ ಮಾತಿಲ್ಲ, ಸುಧಾರಿಸಿಕೊಳ್ಳಲೇಬೇಕು.

ಇದಕ್ಕೆ ಒಳ್ಳೆಯ ಉದಾಹರಣೆ ರೇನ್‌ಬೋ ಟ್ರೌಟ್. ಯೆರ್ಸಿನಿಯಾ ರಕರಿ ಎಂಬ ಬ್ಯಾಕ್ಟೀರಿಯದಿಂದ ಬರುವ ಕೆಂಬಾಯಿ ರೋಗದ ಲಸಿಕೆಗೆ ಅಮೆರಿಕದಲ್ಲಿ 1976ರಲ್ಲೇ ಪರವಾನಗಿ ದೊರೆಯಿತು. ಒಂದು ಲೀಟರ್ ಲಸಿಕೆಗೆ ಒಂಬತ್ತು ಲೀಟರ್ ನೀರು ಬೆರೆಸಿ, ಮರಿಗಳನ್ನು ತಂಡತಂಡವಾಗಿ ಸುಮಾರು 30 ಸೆಕೆಂಡು ಅದ್ದಿದರೆ 100 ಕಿಲೋ ಮರಿಗಳವರೆಗೆ ಆ ದ್ರಾವಣ ಸಾಲುತ್ತದೆ. ಬಲೆಯ ನೀರನ್ನು ಚೆನ್ನಾಗಿ ಸೋರಲು ಬಿಡದೆ ಅದ್ದಿದರೆ ಪ್ರತಿ ತಂಡವೂ ದ್ರಾವಣವನ್ನು ತೆಳುವಾಗಿಸುತ್ತ ಹೋಗುತ್ತದೆ. ಇಂಥ ಸಣ್ಣ ವಿಷಯಗಳಿಗೆ ಸಾಕಷ್ಟು ಗಮನ ಸಿಗುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ.

ಮರಿಯ ಗಾತ್ರವಂತೂ ಬಹಳ ಮುಖ್ಯ. ಒಂದು ಗ್ರಾಂ ತೂಕದಲ್ಲಿ ಲಸಿಕೆ ಪಡೆದ ಟ್ರೌಟ್‌ಗೆ ರಕ್ಷಣೆ ಸುಮಾರು ನಾಲ್ಕು ತಿಂಗಳಾದರೆ, ನಾಲ್ಕು ಗ್ರಾಂ ದಾಟಿದ್ದಕ್ಕೆ ಸುಮಾರು ಒಂದು ವರ್ಷ ಸಿಗುತ್ತದೆ. ರೋಗದ ಭಯದಿಂದ ಬೇಗನೆ ಅದ್ದಲೇಬೇಕಾದರೆ, ಮರಿ ಬೆಳೆದ ಮೇಲೆ ಎರಡನೆಯ ಬಾರಿ ಅದ್ದುವುದನ್ನು ತಪ್ಪಿಸಬಾರದು. ಮೊದಲು ಗಾಢ ಉಪ್ಪುನೀರಿನಲ್ಲಿ ಅದ್ದುವುದು, ಶ್ರವಣಾತೀತ ಧ್ವನಿಯನ್ನು ಹಾಯಿಸುವುದು ಮುಂತಾದ ಉಪಾಯಗಳಿಂದ ಪ್ರತಿಜನಕ ಹೆಚ್ಚು ಒಳಸೇರುವುದು ಪ್ರಯೋಗಗಳಲ್ಲಿ ಕಂಡಿದೆಯಾದರೂ, ಅವು ಮೀನನ್ನು ಬಳಲಿಸುವುದರಿಂದ ರೈತರ ಕೊಳಗಳಿಗೆ ನಾನು ಅವನ್ನು ಸೂಚಿಸಲಾರೆ. ಕಡಿಮೆ ಸಾಂದ್ರತೆಯಲ್ಲಿ ಹೆಚ್ಚು ಹೊತ್ತು ಇಡುವುದು, ಗಾಳಿಯಾಡಿಸುವ ವ್ಯವಸ್ಥೆ ಸರಿಯಾಗಿದ್ದರೆ, ಅದಕ್ಕಿಂತ ಮೃದುವಾದ ದಾರಿ.

ಹೆಚ್ಚು ಭರವಸೆ ಮೂಡಿಸಿರುವುದು ದುರ್ಬಲಗೊಳಿಸಿದ ಜೀವಂತ ಲಸಿಕೆ. ಅಮೆರಿಕದ ಕ್ಯಾಟ್‌ಫಿಶ್ ಸಾಕಣೆಯಲ್ಲಿ ಎಡ್ವರ್ಡ್ಸಿಯೆಲ್ಲ ಇಕ್ಟಲುರಿ ಎಂಬ ರೋಗಕಾರಕ ಬ್ಯಾಕ್ಟೀರಿಯದ ವಿರುದ್ಧ ಇಂಥದ್ದೊಂದನ್ನು ಬಳಸಲಾಗಿದೆ. ಬ್ಯಾಕ್ಟೀರಿಯ ತಾನಾಗಿಯೇ ಒಳಹೊಕ್ಕು ಕೆಲಕಾಲ ಉಳಿಯುವುದರಿಂದ ಪ್ರತಿರಕ್ಷೆ ಬಲವಾಗಿ ಪ್ರಚೋದನೆಗೊಳ್ಳುತ್ತದೆ.

ಲಸಿಕೆಯಲ್ಲಿನ ಬ್ಯಾಕ್ಟೀರಿಯದ ತಳಿ ಕೊಳದಲ್ಲಿರುವ ಬ್ಯಾಕ್ಟೀರಿಯದ ತಳಿಗೆ ಹೊಂದದಿದ್ದರೆ ಮಾತ್ರ ಇದೆಲ್ಲವೂ ವ್ಯರ್ಥ. ಯೆರ್ಸಿನಿಯಾದಲ್ಲಿ ಚಲನೆ ಕಳೆದುಕೊಂಡ ಎರಡನೆಯ ಜೈವಿಕ ಪ್ರಕಾರ ತಲೆದೋರಿ, ಲಸಿಕೆ ಪಡೆದ ಟ್ರೌಟ್‌ಗಳಲ್ಲೂ ರೋಗ ಬಂದದ್ದರಿಂದ ಎರಡೂ ಪ್ರಕಾರಗಳನ್ನು ಸೇರಿಸಿದ ಲಸಿಕೆ ತಯಾರಿಸಬೇಕಾಯಿತು. ಆದ್ದರಿಂದ ಲಸಿಕೆ ಪಡೆದ ಮರಿಗಳು ಸಾಯತೊಡಗಿದರೆ, ಆಗಷ್ಟೇ ಸಾಯುತ್ತಿರುವ ಮೀನಿನ ಮೂತ್ರಪಿಂಡದಿಂದ ಬ್ಯಾಕ್ಟೀರಿಯವನ್ನು ಬೆಳೆಸಿ ಗುರುತಿಸುವ ಮೊದಲು ಮತ್ತೊಮ್ಮೆ ಅದೇ ಲಸಿಕೆಯಲ್ಲಿ ಅದ್ದಬೇಡಿ.