ಎಡೆಯ ಮುಂದೆ ಬಂದ ನಗು

ಸಾವಿನ ಮನೆಯಲ್ಲಿ ನಕ್ಕುಬಿಟ್ಟೆನೆಂಬ ಅಪರಾಧಭಾವ ಹೊತ್ತು ನನ್ನ ಬಳಿಗೆ ಬರುವವರು ಒಬ್ಬಿಬ್ಬರಲ್ಲ. ಅವರಲ್ಲಿ ಮಂಡ್ಯ ಸೀಮೆಯ ಒಬ್ಬ ಶಿಕ್ಷಕಿಯ ಪ್ರಕರಣವನ್ನು, ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅವರ ತಂದೆ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಹನ್ನೊಂದನೆಯ ದಿನ ನಾಲೆಯ ದಡದಲ್ಲಿ ಎಡೆ ಇಟ್ಟು ಎಲ್ಲರೂ ಹಿಂದೆ ಸರಿದು ನಿಂತರು. ಎಷ್ಟು ಹೊತ್ತಾದರೂ ಕಾಗೆ ಬರಲಿಲ್ಲ. ಕೂಗಿ ಕೂಗಿ ದಣಿದ ಸೋದರಮಾವ, "ಭಾವ ಬದುಕಿದ್ದಾಗಲೂ ಅಷ್ಟೇ, ಮೂರು ಸಲ ಕೂಗದೆ ಊಟಕ್ಕೆ ಬಂದೋರಲ್ಲ" ಎಂದರು. ಇವರಿಗೆ ನಗು ತಡೆಯಲಾಗಲಿಲ್ಲ. ಅಣ್ಣ ಅದನ್ನು ನೋಡಿದರು, ಅಂದಿನಿಂದ ಮಾತು ಬಿಟ್ಟರು.

ನಿದ್ರೆ, ಊಟ, ಶಾಲೆಯ ಕೆಲಸ ಯಾವುದೂ ತೀರಾ ಕೆಟ್ಟಿರಲಿಲ್ಲ. ಆರು ತಿಂಗಳಿಗೂ ಮೀರಿ ಬದುಕನ್ನೇ ನಿಲ್ಲಿಸಿಬಿಡುವಂಥ ಶೋಕವನ್ನು ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಈಗ ಒಂದು ಕಾಯಿಲೆಯಾಗಿ ಗುರುತಿಸುತ್ತದೆ. ಇವರದು ಅದಲ್ಲವೆಂದು ನನಗೆ ಸ್ಪಷ್ಟವಿತ್ತು. ಆದರೆ "ನಾನು ಕಲ್ಲೆದೆಯವಳೇ?" ಎಂಬ ಒಂದೇ ಪ್ರಶ್ನೆ ಮೂರು ಭೇಟಿಗಳಲ್ಲೂ ಮರಳಿ ಮರಳಿ ಬಂತು.

ನಾಲ್ಕನೆಯ ಭೇಟಿಗೆ ಬಂದಾಗ, ಹಿಂದಿನ ರಾತ್ರಿ ತಾಯಿಯೊಂದಿಗೆ 'ತಿಥಿ' ಚಿತ್ರ ನೋಡಿದೆನೆಂದರು. ರಾಮ್ ರೆಡ್ಡಿಯವರು ಮಂಡ್ಯ ಜಿಲ್ಲೆಯ ಹಳ್ಳಿಗರನ್ನೇ ಪಾತ್ರಧಾರಿಗಳಾಗಿಸಿ ತೆಗೆದ ಆ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದದ್ದು ಹಲವರಿಗೆ ನೆನಪಿರಬಹುದು. ದಾರಿಹೋಕರನ್ನೆಲ್ಲ ಬೈಯುತ್ತ ಕುಳಿತಿದ್ದ ನೂರೊಂದು ವರ್ಷದ ಸೆಂಚುರಿ ಗೌಡ ಎದ್ದು ಹೋಗಿ ಕುಸಿದು ಸಾಯುತ್ತಾನೆ. ಮೊಮ್ಮಗನಿಗೆ ಜಮೀನಿನ ಚಿಂತೆ, ಮಗ ಗಡ್ಡಪ್ಪನಿಗೆ ಯಾವುದರ ಗೊಡವೆಯೂ ಇಲ್ಲ. ಅದೇ ಗಡ್ಡಪ್ಪ ರಾತ್ರಿ ಕುರುಬರ ನಡುವೆ ಕುಳಿತು ತನ್ನ ಹಳೆಯ ನೋವನ್ನು ತೆರೆದಿಡುವಾಗ, ಅಲ್ಲಿಯವರೆಗೆ ನಕ್ಕವರ ಗಂಟಲೂ ಕಟ್ಟುತ್ತದೆ. ತಾಯಿ ಚಿತ್ರದುದ್ದಕ್ಕೂ ನಕ್ಕರಂತೆ, ಕೊನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡರಂತೆ.

ಇಷ್ಟು ಹೇಳಿ ಸುಮ್ಮನಾದ ಅವರು, ಕೈಯಲ್ಲಿದ್ದ ಕರವಸ್ತ್ರವನ್ನು ಮಡಿಸಿ ಬಿಚ್ಚಿ ಮತ್ತೆ ಮಡಿಸುತ್ತ, "ಮೇಡಂ, ನಾನು ಅಪ್ಪನನ್ನು ನೋಡಿ ನಗಲಿಲ್ಲ. ಮಾವ ಹಾಗೆಂದಾಗ ಅಪ್ಪನೂ ನಗುತ್ತಿರಬೇಕೆಂದು ಪಕ್ಕಕ್ಕೆ ತಿರುಗಿದೆ. ಅಪ್ಪ ಇರಲಿಲ್ಲ" ಎಂದರು. ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಅವರು ಬಿಕ್ಕಿ ಅತ್ತರು. ನಾನು ನಡುವೆ ಮಾತಾಡಲಿಲ್ಲ.

ಆ ಚಿತ್ರವನ್ನು ಅಣ್ಣನಿಗೂ ಕಳಿಸಲೇ ಎಂದು ಕೇಳಿದರು. ಬೇಡವೆಂದೆ. ಮುನಿಸಿಕೊಂಡವರಿಗೆ ಕಳಿಸಿದ ಚಿತ್ರ ಎಷ್ಟೇ ಒಳ್ಳೆಯದಾದರೂ ಬುದ್ಧಿವಾದದಂತೆ ಕಾಣುತ್ತದೆ. ಅದರ ಬದಲು ನನಗೆ ಹೇಳಿದ ಆ ಮಾತನ್ನೇ ಅಣ್ಣನ ಎದುರು ಕುಳಿತು ಹೇಳಿ, ಅವರ ಮನಸ್ಸು ನೊಂದದ್ದು ಗೊತ್ತೆಂದು ಹೇಳಿ, ಆದರೆ ನಕ್ಕದ್ದಕ್ಕೆ ಕ್ಷಮೆ ಕೇಳಬೇಡಿ ಎಂದೆ. ಮನೆಯ ನೆಮ್ಮದಿಗಾಗಿ ಒಂದು ಕ್ಷಮೆ ಕೇಳಿಸಿದ್ದರೆ ಏನಾಗುತ್ತಿತ್ತೆಂದು ಸಹೋದ್ಯೋಗಿಯೊಬ್ಬರು ನನ್ನನ್ನು ಆಕ್ಷೇಪಿಸಿದರು. ಮಾಡದ ತಪ್ಪನ್ನು ಒಪ್ಪಿಕೊಂಡರೆ "ನಾನು ಕಲ್ಲೆದೆಯವಳು" ಎಂಬ ಆರೋಪಕ್ಕೆ ಅವರೇ ರುಜು ಹಾಕಿದಂತಾಗುತ್ತಿತ್ತು, ಆಮೇಲೆ ತಂದೆಯ ನೆನಪಿನ ಜೊತೆ ಆ ಆರೋಪವೇ ಉಳಿಯುತ್ತಿತ್ತು. ನನ್ನ ಸಲಹೆಯನ್ನು ನಾನು ಇಂದಿಗೂ ಸಮರ್ಥಿಸುತ್ತೇನೆ. ನಗುವ ಪ್ರತಿಯೊಬ್ಬರೂ ಚೇತರಿಸಿಕೊಳ್ಳುತ್ತಿದ್ದಾರೆಂದು ನಾನು ಹೇಳುತ್ತಿಲ್ಲ; ಅಳು ಬಂದಾಗಲೆಲ್ಲ ತಮಾಷೆ ಮಾಡಿ ತಪ್ಪಿಸಿಕೊಳ್ಳುವವರನ್ನೂ ಕಂಡಿದ್ದೇನೆ. ಇವರ ನಗುವಿನಲ್ಲಿ ತಂದೆಯೇ ಇದ್ದರು.

ಐದನೆಯ ಮಾಸಿಕದ ದಿನ ಅವರು ಅಣ್ಣನೊಂದಿಗೆ ಮಾತಾಡಿದರು. ಅಣ್ಣ ತುಂಬ ಹೊತ್ತು ಏನೂ ಹೇಳಲಿಲ್ಲವಂತೆ. ಆಮೇಲೆ, ತಾನು ಅಂದು ಒದ್ದೆ ಪಂಚೆಯಲ್ಲಿ ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದೆನೆಂದೂ, ಅಲ್ಲಿಗೆ ತಂಗಿಯ ನಗು ಕಂಡಿತೇ ಹೊರತು ಮಾತು ಕೇಳಿಸಿರಲಿಲ್ಲವೆಂದೂ ಹೇಳಿ, "ಮಾವ ಏನಂದ್ರು?" ಎಂದು ಕೇಳಿದರಂತೆ.