ಬಿಳಿ ಯೂನಿಫಾರ್ಮು, ಗಂಜಿ ಹಾಕಿದ ಟೋಪಿ, ಕೆಂಪುಕಲ್ಲಿನ ಬಾವಿನೀರು

ಆಸ್ಪತ್ರೆಯ ಬಿಳಿ ಸಮವಸ್ತ್ರದ ಬಗ್ಗೆ ಜಿಲ್ಲೆಯ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಐದನ್ನು ಆಯ್ದುಕೊಂಡಿದ್ದೇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿ ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ಬಿಳಿ ಯೂನಿಫಾರ್ಮನ್ನು ಬ್ಲೀಚ್ ಹಾಕಿ ತೊಳೆದಷ್ಟೂ ಹಳದಿಯಾಗುತ್ತಿದೆ. ಬ್ಲೀಚ್ ಕಂಪನಿ ಬದಲಿಸಿದರೂ ಅಷ್ಟೇ. ಮನೆಯಲ್ಲಿರುವುದು ಬಾವಿ ನೀರು. ಏನು ಮಾಡಲಿ?
– ನರ್ಸಿಂಗ್ ಆಫೀಸರ್, ಕಾರವಾರ

ಕಂಪನಿ ಬದಲಿಸಿ ಪ್ರಯೋಜನವಿಲ್ಲ, ತೊಂದರೆ ಇರುವುದು ನೀರಿನಲ್ಲಿ. ಕೆಂಪುಕಲ್ಲಿನ ನೆಲದ ಎಷ್ಟೋ ಬಾವಿ, ಬೋರ್‌ವೆಲ್‌ಗಳ ನೀರಿನಲ್ಲಿ ಕಬ್ಬಿಣದ ಅಂಶ ಕರಗಿರುತ್ತದೆ. ಸೇದಿದಾಗ ನೀರು ತಿಳಿಯಾಗಿಯೇ ಕಾಣುತ್ತದೆ. ಕ್ಲೋರಿನ್ ಬ್ಲೀಚ್ ಬಿದ್ದ ಕೂಡಲೇ ಆ ಕಬ್ಬಿಣ ತುಕ್ಕಾಗಿ ಮಾರ್ಪಟ್ಟು ನೂಲಿನೊಳಗೆ ಕೂರುತ್ತದೆ. ಹಳದಿ ಕಂಡಿತೆಂದು ಇನ್ನೊಂದು ಮುಚ್ಚಳ ಬ್ಲೀಚ್ ಹಾಕುತ್ತೀರಿ, ತುಕ್ಕು ಇನ್ನಷ್ಟು ಕೂರುತ್ತದೆ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಬಿಳಿ ಬಕೆಟ್‌ನಲ್ಲಿ ಬಾವಿ ನೀರು ತುಂಬಿ, ಒಂದು ಮುಚ್ಚಳ ಬ್ಲೀಚ್ ಹಾಕಿ ಅರ್ಧ ಗಂಟೆ ಬಿಡಿ. ನೀರು ಚಹಾದ ಬಣ್ಣಕ್ಕೆ ತಿರುಗಿದರೆ ಅಥವಾ ತಳದಲ್ಲಿ ಕಂದು ಪುಡಿ ನಿಂತರೆ ಆ ನೀರಿಗೂ ಬ್ಲೀಚಿಗೂ ಕೂಡಿಬರುವುದಿಲ್ಲ.

ಈಗಾಗಲೇ ಹಳದಿಯಾದ ಬಟ್ಟೆಗೆ ಸಿಟ್ರಿಕ್ ಆಮ್ಲ, ಅಂದರೆ ದಿನಸಿ ಅಂಗಡಿಯ ನಿಂಬೆ ಉಪ್ಪು, ಸಾಕು. ಮೊದಲು ಬಟ್ಟೆಯಲ್ಲಿ ಬ್ಲೀಚಿನ ವಾಸನೆ ಪೂರ್ತಿ ಹೋಗುವವರೆಗೆ ಮೂರ್ನಾಲ್ಕು ನೀರಿನಲ್ಲಿ ಜಾಲಿಸಿ. ಈ ಹಂತ ಬಿಡಲೇಬಾರದು: ಬ್ಲೀಚಿಗೆ ಹುಳಿ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಅಪಾಯ. ಬಳಿಕ ಐದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ನಿಂಬೆ ಉಪ್ಪು ಕರಗಿಸಿ, ಬಟ್ಟೆಯನ್ನು ಅರ್ಧದಿಂದ ಒಂದು ಗಂಟೆ ಮುಳುಗಿಸಿಡಿ. ನಂತರ ಚೆನ್ನಾಗಿ ಜಾಲಿಸಿ. ಹುಳಿ ಬಟ್ಟೆಯಲ್ಲೇ ಒಣಗಿದರೆ ಹತ್ತಿ ನೂಲು ಜೀರ್ಣವಾಗುತ್ತದೆ. ಕಾಲರ್ ಮೇಲೆ, ಗುಂಡಿಯ ಸುತ್ತ ಬಿಡಿ ತುಕ್ಕಿನ ಚುಕ್ಕೆ ಇದ್ದರೆ ಹಿತ್ತಿಲ ಬಿಂಬಲಕಾಯಿ ಹೋಳು ಮಾಡಿ ಉಜ್ಜಿ, ಕಾಲು ಗಂಟೆ ಬಿಟ್ಟು ತೊಳೆಯಿರಿ. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕನ್ನು ಎಳೆಯುತ್ತದೆ. ಅಜ್ಜಿಯಂದಿರು ಸುಮ್ಮನೆ ಉಜ್ಜುತ್ತಿರಲಿಲ್ಲ.

ಮುಂದಕ್ಕೆ ಕ್ಲೋರಿನ್ ಬದಲು ಆಮ್ಲಜನಕದ ಬ್ಲೀಚ್ (ಸೋಡಿಯಂ ಪರ್‌ಕಾರ್ಬೊನೇಟ್ ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ) ಬಳಸಿ. ತಣ್ಣೀರಿನಲ್ಲಿ ಇದರ ಕೆಲಸ ಬಹಳ ನಿಧಾನ, 40ರಿಂದ 60 ಡಿಗ್ರಿ ಬಿಸಿ ಬೇಕು. ಹಳೆಯ ತುಕ್ಕನ್ನು ಮೊದಲು ತೆಗೆದೇ ಇದನ್ನು ಹಾಕಿ. ತುಕ್ಕು ಕೂತಲ್ಲಿ ಆಮ್ಲಜನಕ ಒಮ್ಮೆಲೇ ಬಿಡುಗಡೆಯಾಗಿ ಸೂಜಿತೂತಿನಂಥ ತೂತುಗಳು ಬೀಳುತ್ತವೆ. ಆಷಾಢ ಶ್ರಾವಣದಲ್ಲಿ ಹಂಚಿನ ಮಾಡಿನಿಂದ ಇಳಿಯುವ ನೀರು ಹಿಡಿದಿಟ್ಟರೆ ಕೊನೆಯ ಜಾಲಿಕೆಗೆ ಅದಕ್ಕಿಂತ ಮೆದು ನೀರು ಸಿಗದು. ಮೊದಲ ಮಳೆಯ ಕೊಳೆ ಹರಿದುಹೋಗಲಿ, ತುಕ್ಕು ಹಿಡಿದ ತಗಡಿನ ಮಾಡಿನ ನೀರು ಮಾತ್ರ ಬೇಡ.

ಇನ್ನೊಂದು ಮಾತು. ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವುದು ನಮ್ಮಲ್ಲಿ ವಾಡಿಕೆ. ಬಣ್ಣದ ಬಟ್ಟೆಗೆ ಅಡ್ಡಿಯಿಲ್ಲ, ಬಿಳಿಗೆ ಹೊಗೆಯ ಕಂದು ಹಿಡಿಯುತ್ತದೆ. ಒಳಜಗುಲಿಯಲ್ಲಿ ಫ್ಯಾನ್ ಕೆಳಗೆ, ಬಟ್ಟೆ ಬಟ್ಟೆಗೆ ತಾಗದಂತೆ ಹರವಿ. ಒಂದು ದಿನಕ್ಕಿಂತ ಹೆಚ್ಚು ಹಸಿಯಾಗಿ ಉಳಿದರೆ ಬೂಷ್ಟಿನ ಕರಿಚುಕ್ಕೆ ಕೂರುತ್ತದೆ. ಅದು ತುಕ್ಕಿನ ಚುಕ್ಕೆಗಿಂತ ಹಟಮಾರಿ.

ಪ್ರಶ್ನೆ: ಬಿಳಿ ಕೋಟಿನ ಜೇಬಿನ ಹತ್ತಿರ, ತೋಳಂಚಿನಲ್ಲಿ ಕಂದು ಕಲೆಗಳು. ಬಟ್ಟೆ ಹಾಕುವಾಗ ಇರಲಿಲ್ಲ, ತೊಳೆದ ಮೇಲೆ ಬಂದವು. ಬಾವಿ ನೀರಲ್ಲ, ನಲ್ಲಿ ನೀರು. ಬೆಟಾಡಿನ್ ಕಲೆಗೂ ಉಪಾಯ ಹೇಳಿ.
– ಸ್ಟಾಫ್ ನರ್ಸ್, ಅಂಕೋಲಾ

ನೀವು ಹೇಳಿದ ಜಾಗಗಳೇ ಸುಳಿವು ಕೊಡುತ್ತಿವೆ. ಕೈ ಒರೆಸುವುದು, ಒದ್ದೆ ಕೈ ಜೇಬಿಗೆ ಹಾಕುವುದು ಅಲ್ಲೇ. ವಾರ್ಡಿನಲ್ಲಿ ಕೈ ತೊಳೆಯುವ ಗುಲಾಬಿ ದ್ರವದಲ್ಲಿ, ಕೆಲವು ಹ್ಯಾಂಡ್‌ರಬ್‌ಗಳಲ್ಲಿ ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕ ಇರುತ್ತದೆ. ಅದು ಬಟ್ಟೆಗೆ ಅಂಟಿಕೊಳ್ಳುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಸಾಬೂನಿಗೆ ಪೂರ್ತಿ ಬಿಡುವುದೂ ಇಲ್ಲ. ಆಮೇಲೆ ಕ್ಲೋರಿನ್ ಬ್ಲೀಚ್ ತಾಗಿದರೆ ಕಂದು ಕಲೆ ಎದ್ದು ಬರುತ್ತದೆ, ಸಾಮಾನ್ಯವಾಗಿ ಮತ್ತೆ ಹೋಗುವುದಿಲ್ಲ. ಆದ್ದರಿಂದ ವಾರ್ಡಿಗೆ ಹಾಕುವ ಬಟ್ಟೆಗೆ ಕ್ಲೋರಿನ್ ಬ್ಲೀಚ್ ನಿಲ್ಲಿಸಿಬಿಡಿ. ಕೈ ತೊಳೆದವರು ಪೇಪರಿನಲ್ಲೇ ಒರೆಸಿಕೊಳ್ಳಲಿ. ಆಸ್ಪತ್ರೆ ಲಾಂಡ್ರಿಗೆ ಹೋಗುವ ಬಟ್ಟೆಯಾದರೆ ಲಾಂಡ್ರಿಯವರಿಗೂ ಇದನ್ನು ಹೇಳಿ, ಎಷ್ಟೋ ಕಡೆ ಅವರಿಗೆ ಈ ವಿಷಯ ಯಾರೂ ಹೇಳಿರುವುದಿಲ್ಲ.

ಬೆಟಾಡಿನ್, ಅಂದರೆ ಗಾಯಕ್ಕೆ ಹಚ್ಚುವ ಅಯೋಡಿನ್ ಔಷಧ, ಇಷ್ಟು ಕಷ್ಟವಲ್ಲ. ತಣ್ಣೀರಿನಲ್ಲಿ ಜಾಲಿಸಿ, ಉಳಿದ ಕಲೆಗೆ 500 ಮಿಲಿಗ್ರಾಂನ ಒಂದು ವಿಟಮಿನ್ ಸಿ ಮಾತ್ರೆಯನ್ನು ಅರ್ಧ ಲೋಟ ನೀರಿನಲ್ಲಿ ಪುಡಿ ಮಾಡಿ ಸುರಿಯಿರಿ. ಅಯೋಡಿನ್ ಬಣ್ಣ ನೋಡನೋಡುತ್ತ ಮಾಯವಾಗುತ್ತದೆ. ಆದರೆ ಬಿಳಿ ಮಾತ್ರೆಯೇ ಆಗಬೇಕು. ಚೀಪುವ ಕಿತ್ತಳೆ ಮಾತ್ರೆ ಹಾಕಿದರೆ ಒಂದು ಕಲೆ ಹೋಗಿ ಇನ್ನೊಂದು ಬಂತು.

ರಕ್ತಕ್ಕೆ ಬಿಸಿನೀರು ಬೇಡವೇ ಬೇಡ, ಅದರ ಪ್ರೋಟೀನು ಮೊಟ್ಟೆಯ ಲೋಳೆಯಂತೆ ಬೆಂದು ನೂಲಿಗೆ ಕಚ್ಚುತ್ತದೆ. ಗ್ಲೌಸ್ ಹಾಕಿ, ಮೊದಲು ತಣ್ಣೀರು, ಆಮೇಲೆ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್. ನೊರೆ ನಿಂತ ಮೇಲೆ ಮಾಮೂಲಿ ತೊಳೆತ. ಬಾಲ್‌ಪೆನ್ ಗೀಟು ಮತ್ತು ನೇರಳೆ ಔಷಧ ಜೆನ್ಷಿಯನ್ ವಯೊಲೆಟ್‌ಗೆ ಸ್ಪಿರಿಟ್: ಕಲೆಯ ಅಡಿಗೆ ಹತ್ತಿ ಇಟ್ಟು, ಅಂಚಿನಿಂದ ನಡುವಿಗೆ ಒತ್ತುತ್ತ ಬನ್ನಿ. ಉಜ್ಜಿದರೆ ಹರಡುತ್ತದೆ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ದೀಪ ಬೆಳಗುವ ಕಾರ್ಯಕ್ರಮಕ್ಕೆ ಟೋಪಿ ಕಡ್ಡಾಯ. ಗಂಜಿ ಹಾಕಿದರೂ ಟೋಪಿ ಮಧ್ಯಾಹ್ನದೊಳಗೆ ಬಾಗುತ್ತದೆ. ಕುಚ್ಚಲಕ್ಕಿ ಗಂಜಿ ಹಾಕಿದಾಗ ಬಣ್ಣವೂ ಕೆಟ್ಟಿತು.
– ನರ್ಸಿಂಗ್ ವಿದ್ಯಾರ್ಥಿನಿ, ಶಿರಸಿ

ಕುಚ್ಚಲಕ್ಕಿ ಗಂಜಿ ಊಟಕ್ಕಿರಲಿ, ಅದರ ಕೆಂಪು ತವುಡಿನ ಬಣ್ಣ ಬಿಳಿ ಬಟ್ಟೆಗೆ ಹತ್ತುತ್ತದೆ. ಕಾರ್ನ್‌ಫ್ಲೋರ್ ತೆಗೆದುಕೊಳ್ಳಿ. ಎರಡು ದೊಡ್ಡ ಚಮಚ ಹಿಟ್ಟನ್ನು ಕಾಲು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುತ್ತಿರುವ ಅರ್ಧ ಲೀಟರ್ ನೀರಿಗೆ ಸೌಟಾಡಿಸುತ್ತ ಸುರಿಯಿರಿ. ಹಿಟ್ಟನ್ನು ನೇರ ಬಿಸಿನೀರಿಗೆ ಹಾಕಿದರೆ ಹೊರಗೆ ಬೆಂದು ಒಳಗೆ ಹಸಿಯಾದ ಗಂಟಾಗುತ್ತದೆ, ಇಸ್ತ್ರಿ ಮಾಡುವಾಗ ಅದೇ ಕಂದು ಚುಕ್ಕೆ. ಬಿಳಿ ಹೋಗಿ ಪಾರಕವಾಗುವವರೆಗೆ ಕುದಿಸಿ, ಮೇಣದಬತ್ತಿಯ ಒಂದು ಚೂರು ತುರಿದು ಹಾಕಿ (ಹೊಳಪಿಗೂ ಆಯಿತು, ಇಸ್ತ್ರಿಪೆಟ್ಟಿಗೆ ಅಂಟುವುದೂ ಇಲ್ಲ), ತೆಳು ಬಟ್ಟೆಯಲ್ಲಿ ಸೋಸಿ. ನೀಲಿ ಹಾಕುವುದಾದರೆ ಒಂದೇ ಹನಿ.

ಹಳೆಯ ಟೋಪಿಯ ಮಡಿಕೆ ಬಿಚ್ಚುವ ಮೊದಲು ಒಳಗಡೆ ಪೆನ್ಸಿಲಿನಲ್ಲಿ ಸಣ್ಣ ಗುರುತು ಮಾಡಿಕೊಳ್ಳಿ, ಅಳತೆ ಒಂದೊಂದು ಕಾಲೇಜಿನದು ಒಂದೊಂದು ಥರ. ತೊಳೆದ ಒದ್ದೆ ಟೋಪಿಯನ್ನು ಉಗುರುಬೆಚ್ಚನೆ ಗಂಜಿಯಲ್ಲಿ ಅದ್ದಿ ಹಿಂಡಿ. ಕಿಟಕಿಯ ಗಾಜಿಗೋ, ಒರೆಸಿದ ಫ್ರಿಡ್ಜ್ ಬಾಗಿಲಿಗೋ ಚಪ್ಪಟೆಯಾಗಿ ಅಂಟಿಸಿ, ಅಂಗೈಯಿಂದ ಗಾಳಿಗುಳ್ಳೆ ಹೊರದೂಡಿ. ನಯವಾದ ಮೈಗೆ ಅಂಟಿ ಒಣಗಿದ ಟೋಪಿ ಕಾಗದದಂತೆ ಎದ್ದು ಬರುತ್ತದೆ, ಸುಕ್ಕೇ ಇರುವುದಿಲ್ಲ. ಮಡಿಕೆಯ ಗೆರೆಗಳಿಗೆ ಮಾತ್ರ ನೀರು ಸವರಿ ಇಸ್ತ್ರಿ ಒತ್ತಿ. ಒಂದೇ ಜಾಗದಲ್ಲಿ ತಡೆದರೆ ಗಂಜಿ ಸೀಯುತ್ತದೆ.

ಬಾಗುವುದಕ್ಕೆ ಕಾರಣ ಗಾಳಿಯ ತೇವ. ಗಂಜಿ ತೇವ ಹೀರಿ ಮೆದುವಾಗುತ್ತದೆ, ಘಟ್ಟದ ಮೇಲಾದರೂ ಮಳೆಗಾಲದಲ್ಲಿ ತಪ್ಪಿದ್ದಲ್ಲ. ಹಿಂದಿನ ರಾತ್ರಿ ಸಿದ್ಧ ಮಾಡಿ ಗೋಡೆಯ ಮೊಳೆಗೆ ನೇತುಹಾಕಬೇಡಿ. ಅದೇ ಬೆಳಿಗ್ಗೆ ಇಸ್ತ್ರಿ ಮಾಡಿ, ಬಿಗಿ ಮುಚ್ಚಳದ ಡಬ್ಬದಲ್ಲಿ ಒಯ್ದು, ವೇದಿಕೆಗೆ ಹೋಗುವ ಮುಂಚೆ ಧರಿಸಿ. ಎರಡೂ ಕಡೆ ಒಂದೊಂದು ಬಿಳಿ ಕ್ಲಿಪ್ ಒಳಗಿನಿಂದ ಹಾಕಬೇಕು. ಎಣ್ಣೆ ಹಚ್ಚಿದ ಕೂದಲಲ್ಲಿ ಕ್ಲಿಪ್ ಜಾರುತ್ತದೆ, ಅಂಚಿಗೆ ಎಣ್ಣೆ ಕಲೆಯೂ ಆಗುತ್ತದೆ, ಆ ದಿನ ತಲೆ ಮಿಂದು ಬನ್ನಿ. ಕೈಯಲ್ಲಿ ದೀಪವಿರುವಾಗ ತಲೆ ಬಗ್ಗಿಸಬೇಡಿ, ಪಕ್ಕದವರಿಂದ ಒಂದು ತೋಳಿನಷ್ಟು ದೂರವಿರಲಿ. ಕಾರ್ಯಕ್ರಮ ಮುಗಿದ ಮೇಲೆ ಗಂಜಿ ತೊಳೆದೇ ಎತ್ತಿಡಿ. ಗಂಜಿಯ ಬಟ್ಟೆ ಜಿರಲೆಗೂ ಬೆಳ್ಳಿಹುಳಕ್ಕೂ ಹಬ್ಬದೂಟ.

ಪ್ರಶ್ನೆ: ಸಣ್ಣ ಖಾಸಗಿ ಆಸ್ಪತ್ರೆ ತೆರೆಯುತ್ತಿದ್ದೇವೆ. ಹಿರಿಯ ಸಿಸ್ಟರ್‌ಗಳು ಬಿಳಿ ಡ್ರೆಸ್, ಟೋಪಿ ಇರಲಿ ಅನ್ನುತ್ತಾರೆ. ಕಿರಿಯರು ಬಣ್ಣದ ಸ್ಕ್ರಬ್ಸ್ (ಸಡಿಲ ಅಂಗಿ, ಪ್ಯಾಂಟ್) ಕೇಳುತ್ತಾರೆ. ಯಾವುದು ಸರಿ?
– ಆಡಳಿತಾಧಿಕಾರಿ, ಹೊನ್ನಾವರ

ಬಿಳಿ ಇಟ್ಟುಕೊಳ್ಳಿ, ಟೋಪಿ ಬಿಡಿ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಜಗಳವಾಡುವುದರಿಂದಲೇ ಇದು ಎಲ್ಲ ಕಡೆ ಇತ್ಯರ್ಥವಾಗದೆ ಉಳಿಯುತ್ತದೆ.

ಟೋಪಿ ಬಂದದ್ದು ಕ್ರೈಸ್ತ ಸನ್ಯಾಸಿನಿಯರ ಮುಸುಕು ಮತ್ತು ಅಂದಿನ ಹೆಂಗಸರ ಮನೆಟೋಪಿಯ ದಾರಿಯಲ್ಲಿ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲರ ಶಾಲೆ ಶುರುವಾದ ಕಾಲಕ್ಕೆ ಅದು ಕೂದಲು ಮುಚ್ಚುವ ಬಟ್ಟೆಯಾಗಿತ್ತು. ಆಮೇಲೆ ಚಿಕ್ಕದಾಗುತ್ತ ನೆತ್ತಿಯ ಮೇಲಿನ ಗುರುತಾಗಿ ಉಳಿಯಿತು, ಕೂದಲನ್ನು ಈಗ ಅದು ಮುಚ್ಚುವುದಿಲ್ಲ. ರೋಗಿಯ ಮೇಲೆ ಬಾಗಿದಾಗ ಪರದೆಗೆ, ಡ್ರಿಪ್ಪಿನ ನಳಿಗೆಗೆ ಸಿಕ್ಕಿಕೊಳ್ಳುತ್ತದೆ. ಸರಿಪಡಿಸಲು ಕೈ ತಲೆಗೆ ಹೋಗುತ್ತದೆ, ಅದೇ ಕೈ ಮತ್ತೆ ರೋಗಿಗೆ. ಗಂಜಿಯ ಟೋಪಿಯನ್ನು ದಿನಾ ತೊಳೆಯುವವರೂ ಇಲ್ಲ. ಅದೇ ಹುದ್ದೆಯ ಗಂಡು ನರ್ಸಿಗೆ, ಅಂದರೆ ಬ್ರದರ್‌ಗೆ ಟೋಪಿಯೇ ಇಲ್ಲ ಎಂಬುದನ್ನೂ ಗಮನಿಸಿ. ಟೋಪಿಯಿಂದ ಒಂದು ಉಪಕಾರವಿತ್ತು, ನರ್ಸ್ ಯಾರೆಂದು ರೋಗಿಗೆ ದೂರದಿಂದ ತಿಳಿಯುತ್ತಿತ್ತು. ಆ ಕೆಲಸವನ್ನು ಎದೆಯ ಫಲಕಕ್ಕೆ ವಹಿಸಿ: ಹೆಸರು ಮತ್ತು ಹುದ್ದೆ ಕನ್ನಡದಲ್ಲಿ, ಮಂಚದಿಂದ ಎರಡು ಮೀಟರ್ ದೂರಕ್ಕೆ ಓದಲು ಬರುವಷ್ಟು ದಪ್ಪಕ್ಷರದಲ್ಲಿ.

ಬಿಳಿಯ ಗುಣ ಬೇರೆ. ಕೊಳೆ ಅಡಗುವುದಿಲ್ಲ, ಬಣ್ಣ ಹೋಗುವ ಭಯವಿಲ್ಲದೆ ಬಿಸಿನೀರಿನಲ್ಲಿ ತೊಳೆಯಬಹುದು. 60 ಡಿಗ್ರಿಯಲ್ಲಿ 10 ನಿಮಿಷ ತೊಳೆದರೆ ಬಹುತೇಕ ಎಲ್ಲ ರೋಗಾಣುಗಳೂ ಹೋಗುತ್ತವೆ. ಆಪರೇಷನ್ ಥಿಯೇಟರಿನಲ್ಲಿ ಮಾತ್ರ ಹಸಿರು ಅಥವಾ ನೀಲಿಯೇ ಇರಲಿ. ದೀಪದಡಿ ಬಿಳಿ ಕಣ್ಣು ಕುಕ್ಕುತ್ತದೆ, ಕೆಂಪನ್ನೇ ನೋಡುತ್ತಿದ್ದ ಕಣ್ಣಿಗೆ ಬಿಳಿಯ ಮೇಲೆ ಹಸಿರು ನೆರಳು ತೇಲುತ್ತದೆ. ಥಿಯೇಟರಿನದು ಆಸ್ಪತ್ರೆಯಲ್ಲೇ ಒಗೆಯಬೇಕಾದ ಬಟ್ಟೆ, ಮನೆಗೆ ಕೊಡಬೇಡಿ.

ಹೊಲಿಸುವಾಗ: ಮೇಲಂಗಿ ಬಿಳಿ, ಪ್ಯಾಂಟ್ ಗಾಢ ನೀಲಿ. ಬಿಳಿ ಪ್ಯಾಂಟಿನ ಕಾಲಂಚು ನಮ್ಮ ಕೆಂಪು ಮಣ್ಣಿನಲ್ಲಿ ಜೂನ್ ಒಂದು ತಿಂಗಳು ತಡೆಯುವುದಿಲ್ಲ. ತೋಳು ಮೊಣಕೈಗಿಂತ ಮೇಲಿರಲಿ, ಇಂಗ್ಲೆಂಡಿನ ಆರೋಗ್ಯ ಇಲಾಖೆ 2007ರಲ್ಲೇ ಮೊಣಕೈ ಕೆಳಗೆ ಬಟ್ಟೆ, ಗಡಿಯಾರ ಬೇಡ ಎಂದಿತು. ಗಡಿಯಾರ ಎದೆಗೆ ಪಿನ್ ಮಾಡುವಂಥದ್ದು ಸಾಕು. ಪೆನ್ನಿನ ಜೇಬು ಒಳಗಡೆ, ಇಲ್ಲವಾದರೆ ಬಾಗಿದಾಗಲೆಲ್ಲ ಪೆನ್ನು ರೋಗಿಯ ಮೇಲೆ. ಪಾಲಿಯೆಸ್ಟರ್ ಹೆಚ್ಚಿರುವ ಟೆರಿಕಾಟ್ ಬೇಗ ಒಣಗುತ್ತದೆ, ಆದರೆ ಕರಾವಳಿಯ ಸೆಕೆಯಲ್ಲಿ ಬೆವರು ಹೀರುವುದಿಲ್ಲ. ಹತ್ತಿ ಹೆಚ್ಚಿರುವ ಮಿಶ್ರಣ ಕೇಳಿ, ಹೊಲಿಸುವ ಮುಂಚೆ ಬಟ್ಟೆಯನ್ನು ನೀರಿಗೆ ಹಾಕಿಸಿ. ಅಂಚಿಗೆ ನೀಲಿ ಪಟ್ಟಿ ಇಡುವುದಾದರೆ ಒಂದು ಮಾದರಿ ಹೊಲಿಸಿ ಐದು ಸಲ ಬಿಸಿನೀರಿನಲ್ಲಿ ತೊಳೆದು ನೋಡಿ, ಪಟ್ಟಿಯ ಬಣ್ಣ ಬಿಟ್ಟರೆ ಇಡೀ ಆರ್ಡರ್ ತಿಳಿನೀಲಿಯಾಗುತ್ತದೆ. ಒಬ್ಬರಿಗೆ ಬೇಸಗೆಯಲ್ಲಿ ಮೂರು ಜೊತೆ ಸಾಕು, ಮಳೆಗಾಲಕ್ಕೆ ಐದು ಬೇಕು.

ತೆಳು ಬಿಳಿಯ ಬಗ್ಗೆ ಕುಮಟಾದಿಂದ ಮೂವರು ಕೇಳಿದ್ದಾರೆ: ಒಳಗೆ ಬಿಳಿ ಬೇಡ, ಮೈಬಣ್ಣದ ಒಳ ಉಡುಪು ಹಾಕಿ. ಬಿಳಿಯಡಿ ಬಿಳಿಯೇ ಎದ್ದು ಕಾಣುವುದು.

ಪ್ರಶ್ನೆ: ಟೋಪಿ ತೆಗೆದರು, ಸಂತೋಷ. ಡ್ಯೂಟಿಯಲ್ಲಿ ಮಲ್ಲಿಗೆ ಮುಡಿಯಬಹುದೇ? ಜೊತೆಯವರೊಬ್ಬರು ಸ್ಕಾರ್ಫ್ ಕಟ್ಟುತ್ತಾರೆ, ಅದಕ್ಕೇನು ನಿಯಮ?
– ಸ್ಟಾಫ್ ನರ್ಸ್, ಭಟ್ಕಳ

ಭಟ್ಕಳ ಮಲ್ಲಿಗೆಯ ಊರಿನವರಿಗೆ ಬೇಡ ಅನ್ನಲು ಮನಸ್ಸಿಲ್ಲ, ಆದರೂ ಬೇಡ. ಡ್ರೆಸ್ಸಿಂಗ್ ಮಾಡುವಾಗ ಒಂದು ಎಸಳು ಟ್ರೇಗೆ ಬಿದ್ದರೆ ಇಡೀ ಟ್ರೇ ಬದಲಿಸಬೇಕು. ಹೂವಿನೊಳಗೆ ಇರುವೆಯೂ ಬರುತ್ತದೆ. ಡ್ಯೂಟಿ ಮುಗಿಸಿ ಹೊರಡುವಾಗ ಮುಡಿದುಕೊಳ್ಳಿ.

ಸ್ಕಾರ್ಫಿನ ತೊಡಕು ತುದಿಗಳದ್ದು. ಜೋತುಬಿದ್ದ ತುದಿ ಗಾಯಕ್ಕೆ ತಾಗುತ್ತದೆ. ಜಾರದ ಹತ್ತಿ ಹೊಸೆರಿ ಬಟ್ಟೆಯದು ಕಟ್ಟಿ, ತುದಿಗಳನ್ನು ಮೇಲಂಗಿಯ ಕತ್ತಿನೊಳಗೆ ಸಿಕ್ಕಿಸಬೇಕು. ಗುಂಡುಪಿನ್ನು ಬೇಡ, ಅದು ಮಗುವಿನ ಹಾಸಿಗೆಯಲ್ಲಿ ಉದುರಿದರೆ ಹುಡುಕುವುದು ಕಷ್ಟ. ಯೂನಿಫಾರ್ಮಿನ ಜೊತೆ ಸ್ಕಾರ್ಫನ್ನೂ ಪ್ರತಿ ಪಾಳಿಗೆ ಬದಲಿಸಿ, ಅದೇ ಬಿಸಿನೀರಿನಲ್ಲಿ ತೊಳೆಯಬೇಕು.