62 ಸಾವಿರದ ಆಟಿಕೆ ಹಡಗು

ಈ ಪ್ರಕರಣ ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಗಂಡನನ್ನು ಇಲ್ಲಿ ರಾಯರು ಎಂದು ಕರೆಯುತ್ತೇನೆ. ವಯಸ್ಸು 48. ಅವರ ತಂದೆ ಕುಂದಾಪುರದ ಕಡೆಯಿಂದ ಬಂದು ಮುಂಬಯಿಯ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದವರು. ರಾಯರಿಗೆ ಬ್ಯಾಂಕ್ ಕೆಲಸ, ಡೊಂಬಿವಲಿಯಲ್ಲಿ ಸ್ವಂತ ಮನೆ, ಹನ್ನೆರಡನೇ ಕ್ಲಾಸಿನಲ್ಲಿ ಓದುವ ಮಗಳು.

ಮುಲುಂಡಿನ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಅವರಿಬ್ಬರೂ ಬಂದಿದ್ದು ಜೂನ್ ತಿಂಗಳ ಒಂದು ಶನಿವಾರ, ಮಳೆಯಲ್ಲಿ ಅರ್ಧ ನೆನೆದುಕೊಂಡು. ಕೂತ ತಕ್ಷಣ ಹೆಂಡತಿ ಮೊಬೈಲ್ ತೆಗೆದು ನನ್ನ ಮುಂದಿಟ್ಟರು. ಬೂದು ಬಣ್ಣದ, ತಟ್ಟೆ ಬೋರಲು ಹಾಕಿದಂಥ ಒಂದು ಪ್ಲಾಸ್ಟಿಕ್ ಹಡಗು. ಮುಂದೆ ಎರಡು ಕೊಂಬು.

"ನೋಡಿ ಮೇಡಂ, ಇದಕ್ಕೆ 62 ಸಾವಿರ ಅಂತೆ. ಮಗಳ ಕೋಚಿಂಗಿನ ಎರಡನೇ ಕಂತು ಇನ್ನೂ ಕಟ್ಟಿಲ್ಲ."

ರಾಯರು ತಲೆ ಎತ್ತದೆ ಹೇಳಿದರು: "ಅದು ಮಿಲೇನಿಯಂ ಫಾಲ್ಕನ್ ಮೇಡಂ. ಕೆನ್ನರ್ ಕಂಪನಿಯದು. 1979ರ ಮಾಲು."

ಈ ಬಾಹ್ಯಾಕಾಶ ಹಡಗು ಇರುವ ಸ್ಟಾರ್ ವಾರ್ಸ್ ಸಿನಿಮಾ 1977ರಲ್ಲಿ ಬಂತು. ಅದರ ಆಟಿಕೆಗಳನ್ನು ಮಾಡಿದ್ದು ಅಮೆರಿಕದ ಸಿನ್ಸಿನಾಟಿಯ ಕೆನ್ನರ್ ಕಂಪನಿ. ಇವೆಲ್ಲ ನನಗೆ ಗೊತ್ತಿರಲಿಲ್ಲ, ಅವರೇ ಹೇಳಿಕೊಟ್ಟರು. ಹೇಳುವಾಗ ಅವರ ದನಿಯೇ ಬೇರೆ ಆಯಿತು. ಹೆಂಡತಿ ಕಿಟಕಿಯ ಕಡೆ ತಿರುಗಿ ಕೂತರು.

ಆಕೆಯ ಸಿಟ್ಟು 62 ಸಾವಿರದ ಮೇಲೆ ಅಂತ ಮೊದಲು ಅಂದುಕೊಂಡೆ. ಅಲ್ಲ. ಹೋದ ದೀಪಾವಳಿಗೆ ಮನೆ ಒರೆಸುವಾಗ ಅಟ್ಟದ ಮೇಲೆ, ಹಳೆಯ ಹಾಸಿಗೆಯ ಹಿಂದೆ, ಆರು ಪಾರ್ಸೆಲ್ ಸಿಕ್ಕಿದವು. ಎರಡನ್ನು ಒಡೆದೂ ಇರಲಿಲ್ಲ. ಲೆಕ್ಕ ಹಾಕಿದರೆ ಒಂದು ಲಕ್ಷಕ್ಕೆ ಹತ್ತಿರ, ಎಲ್ಲ ಕ್ರೆಡಿಟ್ ಕಾರ್ಡಿನಲ್ಲಿ. "ಕೇಳಿದ್ದರೆ ಬೇಡ ಅನ್ನುತ್ತಿದ್ದೆನೋ ಏನೋ. ಆದರೆ ನನ್ನನ್ನು ಕೇಳಲೇ ಇಲ್ಲವಲ್ಲ." ಇಷ್ಟು ಹೇಳಿ ಅತ್ತರು.

ಆ ದಿನ ಆಟಿಕೆಯ ಮಾತನ್ನು ಅಲ್ಲಿಗೇ ನಿಲ್ಲಿಸಿದೆ. ರಾಯರಿಗೆ ಹೇಳಿದ್ದು ಒಂದೇ: ಮುಂದಿನ ಸಲ ಬರುವಾಗ ಎಲ್ಲ ಕಾರ್ಡುಗಳ ಸ್ಟೇಟ್‌ಮೆಂಟ್ ತನ್ನಿ, ಆಫೀಸಿನ ಡ್ರಾಯರಿನಲ್ಲಿ ಇನ್ನೇನಾದರೂ ಇದ್ದರೆ ಅದನ್ನೂ ಮನೆಗೆ ತಂದು ಹಾಲಿನಲ್ಲಿ ಇಡಿ. ಡ್ರಾಯರ್ ಅಂದಾಗ ಅವರು ಬೆಚ್ಚಿದರು. ಅಲ್ಲೂ ಒಂದು ಡಬ್ಬಿ ಇತ್ತು.

ಎರಡನೇ ಸಲ ರಾಯರೊಬ್ಬರನ್ನೇ ಕೂರಿಸಿಕೊಂಡು ಕೇಳಿದೆ: ಇಷ್ಟೊಂದು ಆಟಿಕೆಗಳಲ್ಲಿ ಇದೇ ಯಾಕೆ?

1984ರಲ್ಲಿ ಮಸ್ಕತ್ತಿನಿಂದ ಬಂದ ಸೋದರಮಾವ ತನ್ನ ಮಗನಿಗೆ ಈ ಹಡಗು ತಂದಿದ್ದರು. ವಿಕ್ರೋಲಿಯ ಅವರ ಮನೆಗೆ ಗಣೇಶ ಚೌತಿಗೆ ಹೋದಾಗ ಎಂಟು ವರ್ಷದ ರಾಯರ ಕೈಗೆ ಅದು ಸಿಕ್ಕಿತು. ಹಡಗಿನ ಮೇಲಿನ ಮುಚ್ಚಳ ತೆಗೆದರೆ ಒಳಗೆ ಬೊಂಬೆಗಳನ್ನು ನಿಲ್ಲಿಸುವ ಜಾಗ. ಅಲ್ಲಿ ಒಂದು ಕಡ್ಡಿಗೆ ದಾರ ಕಟ್ಟಿ ಪುಟ್ಟ ಚೆಂಡು ನೇತುಹಾಕಿದ್ದರು, ಕತ್ತಿವರಸೆ ಕಲಿಯುವ ಬೊಂಬೆಗೆ. ಆ ಚೆಂಡು ಕಳೆದುಹೋಯಿತು. ಕಪಾಟಿನ ಕೆಳಗೆ, ಮಂಚದ ಕೆಳಗೆ, ಎಲ್ಲ ಕಡೆ ಹುಡುಕಿದರು. ಅತ್ತೆ ಎಲ್ಲರೆದುರು "ಹೋಟೆಲಿನವರ ಮಕ್ಕಳ ಕೈಗೆ ಇಂಥದ್ದು ಕೊಡಬಾರದು" ಎಂದರು. ಅಪ್ಪ ಅಲ್ಲೇ ಇದ್ದರು. ಊಟ ಮಾಡದೆ ಮಗನನ್ನು ಎಬ್ಬಿಸಿಕೊಂಡು ಹೊರಟರು. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.

"ಅಪ್ಪ ಬೈದಿದ್ದರೆ ಚೆನ್ನಾಗಿತ್ತು ಮೇಡಂ."

ಹಾಗಾದರೆ ನಿಮಗೆ ಬೇಕಿರುವುದು ಆ ಚೆಂಡು ಮಾತ್ರವೇ ಎಂದು ಕೇಳಿಬಿಟ್ಟೆ. ಅವಸರ ಮಾಡಿದೆ, ಆ ಪ್ರಶ್ನೆ ಅಂದು ಕೇಳಬಾರದಿತ್ತು. ರಾಯರು ಮುಖ ಗಂಟಿಕ್ಕಿ, "ಅದು ಅಪರೂಪದ ವಸ್ತು. ಮುಂದೆ ಬೆಲೆ ಜಾಸ್ತಿಯಾಗುತ್ತೆ. ಇನ್ವೆಸ್ಟ್‌ಮೆಂಟ್" ಎಂದರು.

ಗಂಟು ಇರುವುದು ಅಲ್ಲೇ ಎಂದು ನನಗೆ ಅನ್ನಿಸಿತು. ಮಾರುಕಟ್ಟೆಯಲ್ಲಿ ಹಡಗಿಗೆ ಒಂದು ಬೆಲೆ. ರಾಯರ ಮನಸ್ಸಿನಲ್ಲಿ ಅದಕ್ಕೆ ಇನ್ನೊಂದು. ಎರಡೂ ನಿಜ. ಆದರೆ ಮನಸ್ಸಿನ ಬೆಲೆಯನ್ನು ಮಾರುವವನ ಕೈಗೆ ಕೊಟ್ಟು, ಅದನ್ನೇ ಲಾಭದ ಲೆಕ್ಕ ಅಂತ ಹೆಂಡತಿಗೆ ಹೇಳುತ್ತಿದ್ದರು. ಆಕೆ ಲಾಭದ ಲೆಕ್ಕವನ್ನು ನಂಬಲಿಲ್ಲ. ನಂಬದಿದ್ದದ್ದು ಸರಿಯೇ. ಅದರ ಹಿಂದಿನ ವಿಕ್ರೋಲಿಯ ಮನೆ ಆಕೆಗೆ ಗೊತ್ತೇ ಇರಲಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷ.

ಮೂರನೇ ಭೇಟಿಯಲ್ಲಿ ಇಬ್ಬರನ್ನೂ ಕೂರಿಸಿ, ಮೊದಲು ಆ ಕಥೆಯನ್ನು ರಾಯರ ಬಾಯಿಂದಲೇ ಹೇಳಿಸಿದೆ. ಆಮೇಲೆ ಲೆಕ್ಕಕ್ಕೆ ಇಳಿದೆವು.

ಇನ್ವೆಸ್ಟ್‌ಮೆಂಟ್ ಅನ್ನುವುದಾದರೆ ಬಡ್ಡಿಯನ್ನೂ ಸೇರಿಸಿ ನೋಡಬೇಕು ಎಂದೆ. ಕಾರ್ಡಿನಲ್ಲಿ ಬಾಕಿ ಉಳಿಸಿಕೊಂಡರೆ ತಿಂಗಳಿಗೆ ಮೂರು, ಮೂರೂವರೆ ಪರ್ಸೆಂಟ್ ಬಡ್ಡಿ. ಪ್ಲಾಸ್ಟಿಕ್ ಹಡಗಿನ ಬೆಲೆ ವರ್ಷ ವರ್ಷ ಅಷ್ಟು ಏರುತ್ತಾ? ಬ್ಯಾಂಕಿನವರೇ ಆದ ರಾಯರು ಸುಮ್ಮನಾದರು. ಅಪರೂಪ ಅನ್ನುವುದೂ ಶಾಶ್ವತ ಅಲ್ಲ. ಇದೇ ಹಡಗಿನ, ತುಂಡು ಜೋಡಿಸಿ ಕಟ್ಟುವ ದೊಡ್ಡ ಲೆಗೋ ಮಾದರಿ 2007ರಲ್ಲಿ ಬಂದಿತ್ತು, 5,000ಕ್ಕೂ ಜಾಸ್ತಿ ತುಂಡುಗಳದು. ತಯಾರಿ ನಿಂತ ಮೇಲೆ ಅದರ ಬೆಲೆ ಗಗನಕ್ಕೇರಿತ್ತು. 2017ರಲ್ಲಿ ಕಂಪನಿ 7,541 ತುಂಡುಗಳ ಹೊಸದನ್ನು 800 ಡಾಲರಿಗೆ ತಂದಾಗ ಹಳೆಯದರ ಬೆಲೆ ಇಳಿಯಿತು. ಇದನ್ನು ನನಗೆ ಹೇಳಿದ್ದೂ ರಾಯರೇ. ಹೇಳಿ, ತಾವೇ ತಡೆದು ನಿಂತರು.

ಮಾರುವವನು 70 ಪರ್ಸೆಂಟ್ ಕಸ್ಟಮ್ಸ್ ಸುಂಕದ ಕಥೆ ಹೇಳಿದ್ದನಂತೆ. ಆಟಿಕೆಗಳ ಆಮದು ಸುಂಕ 2020ರಲ್ಲಿ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದ್ದು ಹೌದು. ಆದರೆ ಈ ಹಡಗಿಗೆ ಅವನು ಎಷ್ಟು ಸುಂಕ ಕಟ್ಟಿದ್ದಾನೆ? ರಸೀದಿ ಕೇಳಿ ಎಂದೆ. ರಸೀದಿ ಇರಲಿಲ್ಲ. "ನಾಳೆ ಬಾಂದ್ರಾದಿಂದ ಇನ್ನೊಬ್ಬರು ನೋಡೋಕೆ ಬರ್ತಾರೆ" ಎಂದು ನಾಲ್ಕು ಸಲ ಹೇಳಿದ್ದ. ಬರಲಿ ಬಿಡಿ ಎಂದೆ. ಎರಡು ವಾರ ಮುಂಗಡ ಕೊಡಬೇಡಿ. ಯಾರು ಎಷ್ಟು ಕೇಳುತ್ತಿದ್ದಾರೆ ಅನ್ನುವುದನ್ನು ಬಿಟ್ಟು, ನಿಜವಾಗಿ ಎಷ್ಟಕ್ಕೆ ಮಾರಾಟವಾಗಿದೆ ಅಂತ ಹುಡುಕಿ ಬರೆದುಕೊಳ್ಳಿ. ಡಬ್ಬಿ ಇರುವುದು, ಡಬ್ಬಿ ಇಲ್ಲದೆ ಪೂರ್ತಿ ಇರುವುದು, ಬಿಡಿಭಾಗ ಕಳೆದಿರುವುದು, ಈ ಮೂರಕ್ಕೂ ಬೇರೆ ಬೇರೆ ಸಾಲು ಹಾಕಿ. ಆಮೇಲೆ ಇಬ್ಬರೂ ಸೇರಿ, ಹಗಲು ಬೆಳಕಿನಲ್ಲಿ, ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿ.

"ನನಗೇನು ಗೊತ್ತಾಗುತ್ತೆ ಮೇಡಂ ಅದರಲ್ಲಿ?" ಎಂದರು ಹೆಂಡತಿ.

ರೇಷ್ಮೆ ಸೀರೆ ತೆಗೆಯುವಾಗ ಏನು ಮಾಡುತ್ತೀರಿ ಎಂದು ಕೇಳಿದೆ.

"ಅವರು ಸೆರಗು ತೋರಿಸ್ತಾರೆ. ನಾನು ತಿರುಗಿಸಿ ಹಿಂಬದಿ ನೋಡ್ತೀನಿ."

ಇಲ್ಲೂ ಅದನ್ನೇ ಮಾಡಿ ಎಂದೆ.

ಠಾಣೆಯಲ್ಲಿ ಮಾರುವವನ ಮನೆಗೆ ಹೋದದ್ದನ್ನು ಆಕೆ ನನಗೆ ವಿವರವಾಗಿ ಹೇಳಿದರು. ರಾಯರು ಹಡಗನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತುಬಿಟ್ಟರು. ಆಕೆ ಅದನ್ನು ಮೆಲ್ಲಗೆ ತೆಗೆದುಕೊಂಡು ಬೋರಲು ಹಾಕಿದರು. ತಳದಲ್ಲಿ ಅಚ್ಚಾದ ಅಕ್ಷರ ಓದಿದರು. 1979 ಇತ್ತು, ಕೆನ್ನರ್ ಹೆಸರೂ ಇತ್ತು. 1995ರಲ್ಲಿ ಅದೇ ಅಚ್ಚಿನಿಂದ ಮತ್ತೆ ಮಾಡಿದ ಹಡಗುಗಳಿವೆ, ಅವನ್ನು ಹಳೆಯದೆಂದು ಸಾಗಹಾಕುವವರೂ ಇದ್ದಾರೆ. ಇದು ಅದಲ್ಲ, ಅಸಲಿಯೇ. ಆಮೇಲೆ ಸೆಲ್ ಹಾಕುವ ಜಾಗದ ಮುಚ್ಚಳ ತೆಗೆದರು. ಒಳಗೆ ತಗಡಿನ ಮೇಲೆ ಹಸಿರು ಕಿಲುಬು, ಮೂಲೆಯಲ್ಲಿ ಬಿಳಿ ಪುಡಿ. ಯಾವತ್ತೋ ಸೆಲ್ ಸೋರಿದೆ. ಗುಂಡಿ ಒತ್ತಿದರೆ ಸದ್ದಿಲ್ಲ. ಮೇಲಿನ ಮುಚ್ಚಳ ನಮ್ಮ ಹಳೆಯ ಫ್ರಿಜ್ ಬಾಗಿಲಿನ ಹಾಗೆ ಹಳದಿ ತಿರುಗಿದೆ, ಅದರ ಕೆಳಗೆ ಮುಚ್ಚಿಕೊಂಡಿದ್ದ ಭಾಗ ಇನ್ನೂ ಬೂದು. ಬಿಸಿಲಿಗೆ ಆ ಪ್ಲಾಸ್ಟಿಕ್ ಹಾಗಾಗುತ್ತೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬೆಳ್ಳಗೆ ಮಾಡಬಹುದು, ಆದರೆ ಹಳದಿ ಮತ್ತೆ ಬರುವುದುಂಟು. ಸ್ಟಿಕರುಗಳು ನಲವತ್ತು ವರ್ಷದ ಮುಂಬಯಿ ಮಳೆಗಾಲ ಕಂಡಂತೆ ಇರಲಿಲ್ಲ. ಅಂಚು ಎದ್ದಿಲ್ಲ, ಬಣ್ಣ ಮಾಸಿಲ್ಲ, ಹೊಸದಾಗಿ ಪ್ರಿಂಟ್ ಮಾಡಿ ಅಂಟಿಸಿದ್ದು. ಮಾರುವವನು ಕೊನೆಗೆ ಒಪ್ಪಿಕೊಂಡ.

ಚೆಂಡು ಮಾತ್ರ ಇತ್ತು. ಹೊಸ ದಾರದಲ್ಲಿ, ಹೊಸ ಕಡ್ಡಿಯಲ್ಲಿ. ಆಕೆ ಕೇಳುವ ಮೊದಲೇ ರಾಯರು ಹೇಳಿದರಂತೆ: "ಇದು ಡೂಪ್ಲಿಕೇಟ್." ಇದನ್ನು ಅವರು ಫೋಟೋದಲ್ಲೇ ಗುರುತಿಸಿದ್ದರು. ಯಾರಿಗೂ ಹೇಳಿರಲಿಲ್ಲ.

ಅವರು ಬರೆದುಕೊಂಡು ಹೋಗಿದ್ದ ಸಾಲುಗಳಲ್ಲಿ ಇಂಥ ಹಡಗಿಗೆ ಜಾಗ ಕೊನೆಯ ಸಾಲಿನಲ್ಲಿ. 62 ಸಾವಿರ ಪೂರ್ತಿ ಹಡಗಿಗೂ ಜಾಸ್ತಿಯಾಗಿತ್ತು. ಹೆಂಡತಿ 18 ಸಾವಿರ ಎಂದರು. ಅವನು 50ಕ್ಕೆ ಇಳಿದ, ಆಮೇಲೆ 45. ಇಬ್ಬರೂ ನಮಸ್ಕಾರ ಹೇಳಿ ಹೊರಟು, ಸ್ಟೇಷನ್ ಹತ್ತಿರ ವಡಾಪಾವ್ ತಿಂದು ಮನೆಗೆ ಹೋದರು.

ಈಗ ಮನೆಯಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಅಟ್ಟದಿಂದ ಇಳಿದ ಪಾರ್ಸೆಲುಗಳಲ್ಲಿ ನಾಲ್ಕನ್ನು ಮಾರಿ ಕಾರ್ಡಿನ ಬಾಕಿಗೆ ಕಟ್ಟಿದರು. ಉಳಿದ ಬಾಕಿ ತೀರುವ ತನಕ ಹೊಸದು ಇಲ್ಲ. ಆಮೇಲೆ ತಿಂಗಳಿಗೆ ಇಬ್ಬರಿಗೂ ಎರಡೆರಡು ಸಾವಿರ, ಸ್ವಂತ ಖುಷಿಗೆ. ಒಬ್ಬರದನ್ನು ಇನ್ನೊಬ್ಬರು ಲೆಕ್ಕ ಕೇಳುವಂತಿಲ್ಲ. ಆದರೆ ಪಾರ್ಸೆಲ್ ಬಂದರೆ ಅದು ಹಾಲಿನಲ್ಲಿ, ಎಲ್ಲರ ಎದುರು ತೆರೆಯಬೇಕು. ಈ ಕೊನೆಯ ಮಾತನ್ನು ಸೇರಿಸಿದ್ದು ನಾನು, ಅದರಲ್ಲಿ ಸಡಿಲ ಬಿಡಬೇಡಿ ಎಂದು ಆಕೆಗೆ ಬೇರೆಯಾಗಿಯೂ ಹೇಳಿದ್ದೇನೆ.

ವಿಕ್ರೋಲಿಯ ಮಾತು ಇನ್ನೂ ಮುಗಿದಿಲ್ಲ. ಅಪ್ಪ ಈಗ ಇಲ್ಲ. ಅತ್ತೆ ಇದ್ದಾರೆ, 81 ವರ್ಷ. ಚೌತಿಗೆ ಅವರ ಮನೆಗೆ ಹೋಗಬೇಕೋ ಬೇಡವೋ ಎಂದು ರಾಯರು ಕೇಳುತ್ತಿದ್ದಾರೆ. ಮುಂದಿನ ಶನಿವಾರ ಅದಕ್ಕೇ ಕೂರುತ್ತಿದ್ದೇವೆ. ಈ ಸಲ ಮಗಳೂ ಬರುತ್ತಾಳಂತೆ.